ಇನ್ಸಿಡೆಂಟ್ ಮುಗಿಯಿತು, ಪ್ರಾಬ್ಲಂ ಹಾಗೇ ಇದೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಫೈನಲ್ ಇಯರ್ ಓದುತ್ತಿರುವ ನಿಮ್ಮಲ್ಲಿ ಹಲವರು ಮುಂದಿನ ವರ್ಷ ಇಷ್ಟೊತ್ತಿಗೆ ಯಾವುದೋ ಕಂಪನಿಯ ಸರ್ವಿಸ್ ಡೆಸ್ಕಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೀರಿ. ಕೋಡ್ ಬರೆಯುವುದೇ ಐಟಿ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಬರೆದದ್ದು ವರ್ಷಗಟ್ಟಲೆ ನಿಲ್ಲದೆ ಓಡಬೇಕು, ನಿಂತರೆ ಯಾರಾದರೂ ಮತ್ತೆ ಓಡಿಸಬೇಕು ಅಲ್ವಾ? ಆ ಕೆಲಸವೇ ಐಟಿ ಸರ್ವಿಸ್ ಮ್ಯಾನೇಜ್‌ಮೆಂಟ್. ಇದರಲ್ಲಿ ಪದಗಳು ರಾಶಿ ರಾಶಿ. ಎಲ್ಲ ಹೇಳುತ್ತಾ ಕೂತರೆ ಊಟದ ಹೊತ್ತಾಗುತ್ತದೆ. ಇನ್ಸಿಡೆಂಟ್, ಪ್ರಾಬ್ಲಂ, ಚೇಂಜ್, ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ.

ನಮ್ಮೂರಿನ ಒಂದು ದೊಡ್ಡ ಆಸ್ಪತ್ರೆ ಅಂದುಕೊಳ್ಳಿ. ಸೋಮವಾರ ಬೆಳಗ್ಗೆ ಒಂಬತ್ತೂವರೆ. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬಂದವರು ಓಪಿಡಿ ಕೌಂಟರಿನ ಮುಂದೆ ಸಾಲು ನಿಂತಿದ್ದಾರೆ. ಬಿಲ್ ಪ್ರಿಂಟ್ ಆಗುತ್ತಿಲ್ಲ. ಕೌಂಟರಿನ ಹುಡುಗಿ ಫೋನ್ ಮಾಡುತ್ತಾಳೆ, ಐಟಿ ಹುಡುಗ ಓಡಿ ಬರುತ್ತಾನೆ. ಸರ್ವರಿನಲ್ಲಿ ಒಂದಷ್ಟು ಹಳೇ ಫೈಲ್ ಅಳಿಸಿ, ಪ್ರಿಂಟಿಗೆ ಬಂದದ್ದನ್ನು ಸಾಲಾಗಿ ಇಟ್ಟು ಪ್ರಿಂಟರಿಗೆ ಕಳಿಸುವ ಪ್ರೋಗ್ರಾಂ, ಅಂದರೆ ಪ್ರಿಂಟ್ ಸ್ಪೂಲರ್, ರೀಸ್ಟಾರ್ಟ್ ಮಾಡುತ್ತಾನೆ. ಪ್ರಿಂಟರ್ ಸದ್ದು ಮಾಡುತ್ತದೆ, ಸಾಲು ಸರಿಯುತ್ತದೆ. ಟಿಕೆಟ್, ಅಂದರೆ ಆ ದೂರಿನ ದಾಖಲೆ, ಕ್ಲೋಸ್.

ಇದು ಇನ್ಸಿಡೆಂಟ್. ಸೇವೆ ಇದ್ದಕ್ಕಿದ್ದಂತೆ ನಿಂತಿತು, ಅಥವಾ ಕುಂಟತೊಡಗಿತು. ಆಗ ಇರುವ ಗುರಿ ಒಂದೇ, ಬೇಗ ಮತ್ತೆ ಶುರುವಾಗಬೇಕು. ಯಾಕೆ ನಿಂತಿತು ಅಂತ ತನಿಖೆ ಮಾಡುವ ಹೊತ್ತು ಅದಲ್ಲ. ಸಾಲಿನಲ್ಲಿ ನಿಂತವರಿಗೆ ಚೀಟಿ ಬೇಕು, ಕಾರಣ ಬೇಡ.

ಮುಂದಿನ ಸೋಮವಾರ ಮತ್ತೆ ಅದೇ ಕತೆ. ಅದರ ಮುಂದಿನ ಸೋಮವಾರವೂ ಅದೇ. ಹುಡುಗ ಪ್ರತಿ ಸಲ ಐದು ನಿಮಿಷದಲ್ಲಿ ಸರಿ ಮಾಡುತ್ತಾನೆ, ಎಲ್ಲರೂ ಭೇಷ್ ಅನ್ನುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಸೋಮವಾರವೇ ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು: ಭಾನುವಾರ ರಾತ್ರಿಯ ಬ್ಯಾಕಪ್ ಅದೇ ಸರ್ವರಿನ ಸಿ ಡ್ರೈವಿಗೆ ಬಂದು ಬೀಳುತ್ತದೆ, ಡಿಸ್ಕ್ ತುಂಬುತ್ತದೆ, ಸ್ಪೂಲರಿಗೆ ಫೈಲ್ ಬರೆಯಲು ಜಾಗ ಇರುವುದಿಲ್ಲ. ಹೀಗೆ ಇನ್ಸಿಡೆಂಟುಗಳ ಹಿಂದೆ ಕೂತಿರುವ ಕಾರಣಕ್ಕೆ ಪ್ರಾಬ್ಲಂ ಅನ್ನುತ್ತಾರೆ. ಕಾರಣ ಗೊತ್ತಾಗಿದೆ, ಪೂರ್ತಿ ಸರಿ ಮಾಡಿಲ್ಲ ಅಂದರೆ ಅದು ನೋನ್ ಎರರ್. ಹಳೇ ಫೈಲ್ ಅಳಿಸಿ ಹೇಗೋ ದಾರಿ ಮಾಡಿಕೊಳ್ಳುವುದು ವರ್ಕರೌಂಡ್. ಇವೆರಡನ್ನೂ ಬರೆದಿಡಬೇಕು. ಬರೆದಿಡದಿದ್ದರೆ ಆ ಹುಡುಗ ರಜೆ ಹಾಕಿದ ಸೋಮವಾರ ಆಸ್ಪತ್ರೆಯೇ ನಿಲ್ಲುತ್ತದೆ.

ಹೊಸ ಪಾಸ್‌ವರ್ಡ್ ಬೇಕು, ಹೊಸದಾಗಿ ಸೇರಿದವರಿಗೆ ಲ್ಯಾಪ್‌ಟಾಪ್ ಬೇಕು, ಇವು ಇನ್ಸಿಡೆಂಟ್ ಅಲ್ಲ, ಸರ್ವಿಸ್ ರಿಕ್ವೆಸ್ಟ್. ಯಾವುದೂ ಕೆಟ್ಟಿಲ್ಲ, ಸುಮ್ನೆ ಕೇಳಿದ್ದನ್ನು ಕೊಡಬೇಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಲೆಕ್ಕ ಹಾಳಾಗುತ್ತದೆ. ಇನ್ನು ಪ್ರಯಾರಿಟಿ. ಎಷ್ಟು ಜನಕ್ಕೆ ಪೆಟ್ಟು, ಎಷ್ಟು ಅವಸರ, ಇವೆರಡನ್ನೂ ಸೇರಿಸಿ ನಿರ್ಧರಿಸಬೇಕು. ಪುಸ್ತಕದ ಪ್ರಕಾರ ಸಾಹೇಬರ ಮೌಸಿಗಿಂತ ಓಪಿಡಿ ಕೌಂಟರ್ ಮೊದಲು. ವಾಸ್ತವ ಏನು ಅಂತ ಕೆಲಸಕ್ಕೆ ಸೇರಿದ ಮೊದಲ ವಾರವೇ ನೋಡುತ್ತೀರಿ!

ಈಗ ಚೇಂಜ್. ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ಹಾಕಬೇಕು. ಚಿಕ್ಕ ಕೆಲಸವೇ. ಆದರೂ ಯಾವಾಗ ಮಾಡುತ್ತೀರಿ, ಮೊದಲು ಎಲ್ಲಿ ಪರೀಕ್ಷೆ ಮಾಡಿದಿರಿ, ಎಡವಟ್ಟಾದರೆ ಹಿಂದಕ್ಕೆ ಹೇಗೆ ಬರುತ್ತೀರಿ, ಇಷ್ಟಕ್ಕೆ ಉತ್ತರ ಇರಬೇಕು. ಪದೇ ಪದೇ ಮಾಡುವ, ಅಪಾಯ ಕಮ್ಮಿ ಇರುವ ಬದಲಾವಣೆ ಸ್ಟ್ಯಾಂಡರ್ಡ್ ಚೇಂಜ್. ಅದಕ್ಕೆ ಮೊದಲೇ ಒಪ್ಪಿಗೆ ಇರುತ್ತದೆ. ಉಳಿದದ್ದನ್ನು ಅಳೆದು ನೋಡಿ ಒಪ್ಪಬೇಕು. ಬೆಂಕಿ ಬಿದ್ದಾಗ ಮಾಡುವುದು ಎಮರ್ಜೆನ್ಸಿ ಚೇಂಜ್.

ಇದೆಲ್ಲ ಬರೀ ಪೇಪರ್ ಕೆಲಸ ಅನ್ನಿಸಿದರೆ 2024ರ ಜುಲೈ 19 ನೆನಪು ಮಾಡಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯೂರಿಟಿ ಕಂಪನಿ ನಮ್ಮ ಸಮಯ ಬೆಳಗ್ಗೆ 9.39ಕ್ಕೆ ಒಂದು ಅಪ್‌ಡೇಟ್ ಬಿಟ್ಟಿತು. 78 ನಿಮಿಷದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅದು ವೈರಸ್ ಅಲ್ಲ, ಹ್ಯಾಕರ್ ಕೆಲಸವೂ ಅಲ್ಲ, ಒಂದು ಚೇಂಜ್. ಅತ್ಯಗತ್ಯ ಪ್ರೋಗ್ರಾಂಗಳು ಮಾತ್ರ ಓಡುವ ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿ ಅಂದರು. ಅದೇ ವರ್ಕರೌಂಡ್. ಎಷ್ಟೋ ಕಡೆ ಒಂದೊಂದು ಕಂಪ್ಯೂಟರಿನ ಮುಂದೂ ಒಬ್ಬ ಮನುಷ್ಯ ಹೋಗಿ ಕೂರಬೇಕಾಯಿತು. ಆಮೇಲೆ ಪ್ರಾಬ್ಲಂ ಹುಡುಕಿದರು. ಅಪ್‌ಡೇಟ್ 21 ಇನ್‌ಪುಟ್‌ಗಳನ್ನು ನಿರೀಕ್ಷಿಸುತ್ತಿತ್ತು, ಪ್ರೋಗ್ರಾಂ ಕೊಡುತ್ತಿದ್ದದ್ದು 20. ಪರೀಕ್ಷೆಯಲ್ಲೂ ಇದು ಸಿಕ್ಕಿರಲಿಲ್ಲ. ಮೊದಲು ನಾಲ್ಕು ಕಂಪ್ಯೂಟರಿಗೆ ಬಿಟ್ಟು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹಂತ ಹಂತವಾಗಿ ಬಿಡುವ ಪದ್ಧತಿಯನ್ನು ಆ ಬಗೆಯ ಅಪ್‌ಡೇಟಿಗೆ ತಂದದ್ದು ಆಮೇಲೆಯೇ.

ಈ ಪದಗಳೆಲ್ಲ ಜಾಸ್ತಿ ಬಂದಿರುವುದು ಐಟಿಲ್‌ನಿಂದ, ಅಂದರೆ ಐಟಿ ಸೇವೆಯನ್ನು ಹೇಗೆ ನಡೆಸಬೇಕು ಅನ್ನುವ ಮಾರ್ಗದರ್ಶಿಯಿಂದ. 1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರದ ಒಂದು ಸಂಸ್ಥೆ ಇದನ್ನು ಶುರು ಮಾಡಿತು. 2019ರಲ್ಲಿ ಐಟಿಲ್ 4 ಬಂತು. ಐಟಿಲ್ ಸರ್ಟಿಫಿಕೇಟ್ ಓದಿ ಪರೀಕ್ಷೆ ಬರೆದ ವ್ಯಕ್ತಿಗೆ ಸಿಗುತ್ತದೆ. ಕಂಪನಿಗೆ ಸರ್ಟಿಫಿಕೇಟ್ ಬೇಕಾದರೆ ಐಟಿ ಸೇವೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20000 ಇದೆ, ಅದು 2005ರಿಂದ ಚಾಲ್ತಿಯಲ್ಲಿದೆ. ಇಂಟರ್‌ವ್ಯೂನಲ್ಲಿ ಇದನ್ನು ತಿರುಗಾಮುರುಗಾ ಹೇಳಬೇಡಿ.

ಕೊನೆಗೆ ಎಸ್‌ಎಲ್‌ಎ, ಅಂದರೆ ಇಷ್ಟು ಸೇವೆ ಕೊಡುತ್ತೇವೆ ಎಂಬ ಲಿಖಿತ ಒಪ್ಪಂದ. 99.9 ಪರ್ಸೆಂಟ್ ಅಂದರೆ ಭರ್ಜರಿ ಅನ್ನಿಸುತ್ತದೆ. 30 ದಿನದ ತಿಂಗಳಿಗೆ ಲೆಕ್ಕ ಹಾಕಿ, ಸುಮಾರು 43 ನಿಮಿಷ ನಿಂತರೂ ಒಪ್ಪಂದ ಮುರಿಯುವುದಿಲ್ಲ. ಆ 43 ನಿಮಿಷ ನಡುರಾತ್ರಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರ ಬೆಳಗ್ಗೆ ಓಪಿಡಿಯಲ್ಲಿ ಬಂದರೆ? ಅಥವಾ ಮೆಕ್ಕೆಜೋಳದ ಸೀಸನ್ನಿನಲ್ಲಿ, ಎಪಿಎಂಸಿಯಲ್ಲಿ ಗಾಡಿಗಳು ಸಾಲುಗಟ್ಟಿರುವಾಗ? ರಿಪೋರ್ಟ್ ಮಾತ್ರ ಆಗಲೂ ಹಸಿರೇ ಇರುತ್ತದೆ. ಇಂಥ ರಿಪೋರ್ಟಿಗೆ ನಮ್ಮ ಫೀಲ್ಡಿನಲ್ಲಿ ಕಲ್ಲಂಗಡಿ ಅನ್ನುತ್ತಾರೆ: ಹೊರಗೆ ಹಸಿರು, ಕೊಯ್ದರೆ ಕೆಂಪು. ಅದಕ್ಕೇ ಒಪ್ಪಂದ ಬರೆಯುವಾಗ ಪರ್ಸೆಂಟ್ ಜೊತೆ ಯಾವ ದಿನ, ಯಾವ ಹೊತ್ತು ನಿಲ್ಲಲೇಬಾರದು ಅನ್ನುವುದನ್ನೂ ಸೇರಿಸಿ. ಕೌಂಟರಿನಲ್ಲಿ ಕೂರುವವರನ್ನು ಕೇಳಿದರೆ ಆ ಹೊತ್ತು ಯಾವುದು ಅಂತ ಅವರೇ ಹೇಳುತ್ತಾರೆ.

ಈಗ ಪ್ರಶ್ನೆ ಕೇಳಿ. ನೈಟ್ ಶಿಫ್ಟ್ ಬಗ್ಗೆಯೂ ಕೇಳಬಹುದು.