ಜೋಗಕ್ಕೆ ಹೋದರೆ ಒಂದು ರಾತ್ರಿ ಅಲ್ಲೇ ಇರಬೇಕು

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ನಮ್ಮ ಅಕ್ಕ ವಾಟ್ಸಾಪಿನಲ್ಲಿ ಕಳಿಸಿರುವ ಟ್ರಿಪ್ ಪಟ್ಟಿ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು. ಶನಿವಾರ ಬೆಳಗ್ಗೆ ಜೋಗ, ಮಧ್ಯಾಹ್ನ ಸಿಗಂದೂರು, ಸಂಜೆ ಇಕ್ಕೇರಿ. ಭಾನುವಾರ ಇಡಗುಂಜಿ, ಮುರ್ಡೇಶ್ವರ, ಟೈಮ್ ಸಿಕ್ಕರೆ ಗೋಕರ್ಣ. ಸೋಮವಾರ ಆಫೀಸು. ಜೋಗಕ್ಕೆ ಅಂತ ಇಟ್ಟಿರುವುದು ಒಂದೂವರೆ ಗಂಟೆ. ತಿಂಡಿಯೂ ಅದರಲ್ಲೇ ಮುಗಿಯಬೇಕಂತೆ.

ಇವತ್ತಿನ ವಿಡಿಯೊ ಈ ಪಟ್ಟಿಯ ಮೇಲೆ ನನ್ನ ತಕರಾರು. ಅಕ್ಕ ಇದನ್ನು ನೋಡೇ ನೋಡ್ತಾಳೆ, ಹಾಗಾಗಿ ಮರ್ಯಾದೆಯಿಂದಲೇ ಹೇಳುತ್ತೇನೆ.

ಮಳೆಗಾಲದಲ್ಲಿ ಜೋಗ ಯಾವಾಗಲೂ ಕಾಣುವುದಿಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ನೀವು ಗೇಟು ದಾಟಿ ಕಂಬಿಯ ಹತ್ತಿರ ಹೋಗಿ ನಿಲ್ಲುತ್ತೀರಿ. ಎದುರಿಗೆ ಬರೀ ಬಿಳಿ. ಕೆಳಗಿನಿಂದ ಮೊರೆತ ಕೇಳುತ್ತಿರುತ್ತೆ, ಮುಖಕ್ಕೆ ಹನಿ ಬಡಿಯುತ್ತಿರುತ್ತೆ, ಆದರೆ ಜಲಪಾತ ಮಾತ್ರ ಇಲ್ಲ. ಪಕ್ಕದಲ್ಲಿ ನೂರಾರು ಜನ ಕೊಡೆ ಹಿಡಿದು ಅದೇ ಬಿಳಿಯನ್ನು ನೋಡುತ್ತಾ ನಿಂತಿರುತ್ತಾರೆ. ಇದ್ದಕ್ಕಿದ್ದ ಹಾಗೆ ಬಲಗಡೆಯಿಂದ ಗಾಳಿ ಎದ್ದು ಮಂಜು ಮೇಲಕ್ಕೆ ಸರಿಯುತ್ತೆ. ಜೋಗದ ನಾಲ್ಕು ಕವಲುಗಳಲ್ಲಿ ಮೊದಲು ರಾಣಿಯ ಬುಡ, ಆಮೇಲೆ ರಾಕೆಟ್, ಆಮೇಲೆ ಎಡಗಡೆ ರಾಜ. ಯಾರೋ ಹುಡುಗರು ಹೋ ಅಂತ ಕೂಗುತ್ತಾರೆ. ಎಲ್ಲರೂ ಮೊಬೈಲ್ ತೆಗೆಯುವಷ್ಟರಲ್ಲಿ ಮತ್ತೆ ಮುಚ್ಚಿತು. ಕೆಲವು ಸಲ ಒಂದು ನಿಮಿಷ, ಕೆಲವು ಸಲ ಅರ್ಧ ಗಂಟೆ, ಕೆಲವು ಸಲ ಇಡೀ ಬೆಳಗ್ಗೆ ತೆರೆಯುವುದೇ ಇಲ್ಲ. ಒಂದೂವರೆ ಗಂಟೆ ಇಟ್ಟುಕೊಂಡು ಬಂದವರು ಆ ಬಿಳಿಯನ್ನೇ ನೋಡಿ, ಸುಟ್ಟ ಜೋಳ ತಿಂದು, ಬಸ್ಸು ಹತ್ತುತ್ತಾರೆ. ಅವರ ಮುಖ ನೋಡಬೇಕು ನೀವು.

ಹಾಗಾಗಿ ಮೊದಲ ತಿದ್ದುಪಡಿ: ಜೋಗದಲ್ಲಿ ರಾತ್ರಿ ಉಳಿಯೋಣ. ಶನಿವಾರ ಸಂಜೆ ಒಮ್ಮೆ, ಭಾನುವಾರ ಬೆಳಗ್ಗೆ ಒಮ್ಮೆ. ನಡುವೆ ಎಲ್ಲಾದರೂ ಒಂದು ಸಲ ಪರದೆ ಸರಿದೇ ಸರಿಯುತ್ತೆ. ಉಳಿಯಲು ಪ್ರವಾಸೋದ್ಯಮ ನಿಗಮದ ಮಯೂರ ಗೇರುಸೊಪ್ಪ ಹೋಟೆಲ್ ಜಲಪಾತದ ಹತ್ತಿರವೇ ಇದೆ. ರೂಮು ಬೇಗ ಖಾಲಿಯಾಗುತ್ತೆ. ಸಿಗದಿದ್ದರೆ ತಾಳಗುಪ್ಪ, ಸಾಗರದ ಕಡೆ ತೋಟದ ಮನೆಗಳ ಹೋಂಸ್ಟೇಗಳು ಬೇಕಾದಷ್ಟಿವೆ.

ಈಗ ಮುಖ್ಯ ಪ್ರಶ್ನೆ, ನೀರಿರುತ್ತಾ? ಇದಕ್ಕೆ ಉತ್ತರ ಆಕಾಶದಲ್ಲಿ ಅರ್ಧ, ಅಣೆಕಟ್ಟಿನಲ್ಲಿ ಅರ್ಧ. ಮ್ಯಾಪ್ ನೋಡಿ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ, ಸಮುದ್ರ ಸೇರುವುದು ಹೊನ್ನಾವರದಲ್ಲಿ. ನಡುವೆ ಜೋಗದಲ್ಲಿ 830 ಅಡಿ, ಅಂದರೆ 253 ಮೀಟರ್ ಕೆಳಕ್ಕೆ ಬೀಳುತ್ತೆ. ಜೋಗಕ್ಕಿಂತ ಸ್ವಲ್ಪ ಮೇಲೆ ಲಿಂಗನಮಕ್ಕಿ ಅಣೆಕಟ್ಟು, 1964ರದ್ದು. ಅಲ್ಲಿ ನಿಂತ ನೀರು ಕಾಲುವೆಯಲ್ಲಿ ತಲಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕಣಿವೆಯ ತಳದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತೆ. ಈ ದಾರಿಯಲ್ಲಿ ಜೋಗ ಬರುವುದೇ ಇಲ್ಲ. ನದಿ ಜಲಪಾತವನ್ನು ಪಕ್ಕಕ್ಕೆ ಬಿಟ್ಟು ಹೋಗಿ 1035 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತೆ. ನಾನು ಈ ವಿಡಿಯೊ ಎಡಿಟ್ ಮಾಡುವ ಕರೆಂಟಿನಲ್ಲೂ ಅದರ ಪಾಲಿದೆ, ಹಾಗಾಗಿ ಜೋರಾಗಿ ಬೈಯುವ ಹಾಗಿಲ್ಲ.

ಹಾಗಾದರೆ ಜುಲೈನಲ್ಲಿ ಬೀಳುವುದು ಯಾವ ನೀರು? ಅಣೆಕಟ್ಟಿನ ಕೆಳಗೆ, ಜೋಗದ ಮೇಲೆ ಇರುವ ಕಾಡು ಗುಡ್ಡಗಳಲ್ಲಿ ಸುರಿದ ಮಳೆ. ಎರಡು ದಿನ ಜೋರು ಹೊಡೆದರೆ ನಾಲ್ಕೂ ಕವಲು ತುಂಬಿಕೊಳ್ಳುತ್ತವೆ, ಎರಡು ದಿನ ಬಿಸಿಲು ಬಂದರೆ ಸೊರಗುತ್ತವೆ. ಇನ್ನು ಲಿಂಗನಮಕ್ಕಿಯೇ ತುಂಬಿ ಕ್ರಸ್ಟ್ ಗೇಟ್ ಎತ್ತಿದರೆ ಅದು ಬೇರೆಯೇ ಜೋಗ. ರಾಜ, ರೋರರ್, ರಾಕೆಟ್, ರಾಣಿ ಅಂತ ಬೆರಳು ಮಾಡಿ ತೋರಿಸುವುದಕ್ಕೇ ಆಗುವುದಿಲ್ಲ, ಎಲ್ಲ ಸೇರಿ ಕೆಂಪು ನೀರಿನ ಗೋಡೆ. ಆದರೆ ಎಲ್ಲ ವರ್ಷವೂ ಜಲಾಶಯ ತುಂಬುವುದಿಲ್ಲ.

ಒಂದು ಸುಲಭದ ಉಪಾಯ ಹೇಳ್ತೀನಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ವಾ, ಅದರಲ್ಲಿ ಲಿಂಗನಮಕ್ಕಿಯ ಸಾಲು ನೋಡಿ. ಗರಿಷ್ಠ ಮಟ್ಟ 1819 ಅಡಿ. 1815 ದಾಟಿ ಏರುತ್ತಿದ್ದರೆ, ಹೊರಗೂ ಮಳೆ ಬಿಡದೆ ಹೊಯ್ಯುತ್ತಿದ್ದರೆ, ಬ್ಯಾಗು ಕಟ್ಟಿಡಿ. ಭಾವ ಆಗಲೇ ದಿನಾ ಬೆಳಗ್ಗೆ ಷೇರು ಪೇಟೆ ಬಿಟ್ಟು ಇದನ್ನು ನೋಡಲು ಶುರು ಮಾಡಿದ್ದಾರೆ.

ನಾವು ಆರಿಸಿಕೊಂಡಿರುವುದು ಆಗಸ್ಟ್ ಕೊನೆ. ಜುಲೈನಲ್ಲಿ ಮಂಜು ಜಾಸ್ತಿ. ಸೆಪ್ಟೆಂಬರಿನಲ್ಲಿ ನೋಟ ಚೆನ್ನಾಗಿ ತೆರೆದುಕೊಳ್ಳುತ್ತೆ, ನೀರು ಮಾತ್ರ ಅದೃಷ್ಟ. ಆಗಸ್ಟ್ 15ರ ರಜೆಗೆ ಹೋಗುವ ಮಾತು ಬಂದಿತ್ತು, ನಾನೇ ಬೇಡ ಅಂದೆ. ಆ ದಿನ ಅಲ್ಲಿ ನೀರಿಗಿಂತ ಕಾರುಗಳು ಜಾಸ್ತಿ.

ಹೋಗುವುದು ರೈಲಿನಲ್ಲಿ. ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಮಲಗಿ ಎದ್ದರೆ ಸಾಗರ, ಮುಂದಿನದೇ ತಾಳಗುಪ್ಪ. ಹಳಿ ಅಲ್ಲಿಗೆ ಮುಗಿಯುತ್ತೆ. ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು, ಬಸ್ಸೂ ಇದೆ, ಆಟೋನೂ ಸಿಗುತ್ತೆ. ಭಾವ ಕಾರಿನಲ್ಲಿ ಹೋಗೋಣ ಅಂದರು. "ಭಾವ, ನಾನೂರು ಕಿಲೋಮೀಟರ್ ನೀವು ಓಡಿಸಿ, ಬೆಳಗ್ಗೆ ಕಂಬಿ ಹಿಡಿದು ನಿಂತೇ ನಿದ್ದೆ ಮಾಡ್ತೀರಿ" ಅಂದೆ. ಅಕ್ಕ ನಕ್ಕಳು, ಅಲ್ಲಿಗೆ ಕಾರು ಕ್ಯಾನ್ಸಲ್.

ಜೋಗಕ್ಕೆ ಎರಡು ದಡ. ನಾವೆಲ್ಲ ಫೋಟೊದಲ್ಲಿ ನೋಡುವುದು ಸಾಗರ ತಾಲ್ಲೂಕಿನ ಕಡೆಯ ನೋಟ, ಜಲಪಾತ ಪೂರ್ತಿ ಎದುರಿಗೆ. ಸೇತುವೆ ದಾಟಿ ಸಿದ್ದಾಪುರ ತಾಲ್ಲೂಕಿನ ಕಡೆ ಹೋದರೆ ಉತ್ತರ ಕನ್ನಡ. ಅಲ್ಲಿನ ಹಳೇ ಬಂಗಲೆಯ ಕಡೆಯಿಂದ ನೀರು ಅಂಚಿನಿಂದ ಜಾರುವುದನ್ನು ಪಕ್ಕದಿಂದ ನೋಡಬಹುದು. ನನಗೆ ಆ ನೋಟವೇ ಇಷ್ಟ. ಎದುರಿನಿಂದ ನೋಡಿದರೆ ಜೋಗ ಒಂದು ಚಿತ್ರ, ಪಕ್ಕದಿಂದ ನೋಡಿದರೆ ಹೊಟ್ಟೆಯೊಳಗೆ ತಣ್ಣಗಾಗುತ್ತೆ. ಬೇಲಿ ದಾಟಿ ಬಂಡೆಯ ತುದಿಗೆ ಹೋಗಿ ರೀಲ್ಸ್ ಮಾಡುವವರಿಗೆ ಒಂದೇ ಮಾತು: ಮಳೆಗಾಲದ ಬಂಡೆ ಮೇಲಿನ ಪಾಚಿಗೆ ನಿಮ್ಮ ಫಾಲೋವರ್ಸ್ ಎಷ್ಟು ಅಂತ ಗೊತ್ತಿಲ್ಲ.

ಬುಡಕ್ಕೆ ಇಳಿಯುವ ಮೆಟ್ಟಿಲುಗಳು ಸುಮಾರು 1400. ಜೋರು ಮಳೆಯಲ್ಲಿ ಬಿಡುವುದಿಲ್ಲ, ಬಿಟ್ಟರೂ ಅಕ್ಕನ ಮಂಡಿ ಬಿಡುವುದಿಲ್ಲ. ಅಲ್ಲಿ ಕಾಮಗಾರಿ ಅಂತ ಆಗಾಗ ಪ್ರವೇಶ ನಿಲ್ಲಿಸುವುದೂ ಉಂಟು. ಹೊರಡುವ ವಾರ ಒಂದು ಫೋನ್ ಮಾಡಿ ಕೇಳಿ.

ಚೀಲದ ವಿಷಯ ಬೇಗ ಮುಗಿಸುತ್ತೇನೆ. ಕೊಡೆ ಬೇಡ, ಗಾಳಿಗೆ ತಿರುಗಿ ಬೀಳುತ್ತೆ. ರೇನ್‌ಕೋಟ್ ತನ್ನಿ. ಜೀನ್ಸ್ ಬೇಡ, ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ. ಕ್ಯಾಮೆರಾ ಲೆನ್ಸ್ ಒರೆಸಲು ಹಳೇ ಹತ್ತಿ ಬಟ್ಟೆ, ಒಂದಲ್ಲ, ನಾಲ್ಕೈದು. ಆಮೇಲೆ ಉಂಬಳ, ಅಂದರೆ ಜಿಗಣೆ. ಅಕ್ಕನ ಮಗಳು ಪುಟ್ಟಿಗೆ ಇದೇ ಭಯ. ಹುಲ್ಲಿನ ತುದಿಯಲ್ಲಿ ದಾರದ ತುಂಡಿನ ಹಾಗೆ ಎದ್ದು ನಿಂತು ತಲೆ ಅಲ್ಲಾಡಿಸುತ್ತಾ ಕಾಯುತ್ತಿರುತ್ತೆ. ಹತ್ತಿದ್ದೂ ಗೊತ್ತಾಗುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಸಾಕ್ಸ್ ತೆಗೆದಾಗ ದಪ್ಪಗಾಗಿ ಉದುರುತ್ತೆ, ರಕ್ತ ಮಾತ್ರ ನಿಲ್ಲುವುದೇ ಇಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿದೆ, ಅದಕ್ಕೇ. ಕಿತ್ತು ಎಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬಿಡಿಸಿ. ಊರಿನವರು ಉಪ್ಪೋ ಸುಣ್ಣವೋ ಮುಟ್ಟಿಸುತ್ತಾರೆ. ರಸ್ತೆ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ ಅಷ್ಟೇನೂ ಕಾಟವಿಲ್ಲ, ಪುಟ್ಟಿ.

ಇನ್ನು ಅಕ್ಕನ ಪಟ್ಟಿಯಲ್ಲಿ ಏನು ಉಳಿಯುತ್ತೆ? ಗೋಕರ್ಣ, ಮುರ್ಡೇಶ್ವರ ಹೋಯಿತು. ಗೇರುಸೊಪ್ಪ ಘಾಟಿ ಇಳಿದು ಸಮುದ್ರ ನೋಡಿ ಮತ್ತೆ ಹತ್ತುವುದು ಒಂದು ಪೂರ್ತಿ ದಿನದ ಕೆಲಸ. ಸಿಗಂದೂರು ಉಳಿಯುತ್ತೆ, ಅಕ್ಕನ ಹರಕೆ ಇದೆ, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಸಿಗಂದೂರು ಇರುವುದು ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದಲ್ಲಿ. ಆ ಹಿನ್ನೀರು ಊರುಗಳನ್ನು ಮುಳುಗಿಸಿ, ಉಳಿದವರನ್ನು ಆ ದಡದಲ್ಲಿ ಬಿಟ್ಟಿತ್ತು. ಆಸ್ಪತ್ರೆಗೂ ಸಂತೆಗೂ ಲಾಂಚ್ ಹತ್ತಬೇಕಿತ್ತು. ಲಾಂಚ್ ತಪ್ಪಿದರೆ ಕಾಡಿನ ದಾರಿಯಲ್ಲಿ ಸುತ್ತು ಬಳಸಿ ಬರಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ತೆರೆಯಿತು. ಪ್ರವಾಸಿಗಳಿಗೆ ಲಾಂಚಿನಲ್ಲಿ ಹೋಗುವ ಮಜಾ ಹೋಯಿತು ಅಂತ ಕೆಲವರು ಕೊರಗುತ್ತಾರೆ. ದಿನಾ ಅದರಲ್ಲಿ ಓಡಾಡಿದವರನ್ನು ಕೇಳಿ ನೋಡಿ, ಏನು ಹೇಳ್ತಾರೆ ಅಂತ.

ಇಕ್ಕೇರಿ ನನ್ನ ಆಯ್ಕೆ. ಸಾಗರ ಪೇಟೆಯಿಂದ ಆರೇಳು ಕಿಲೋಮೀಟರ್. ಕೆಳದಿ ಅರಸರ ರಾಜಧಾನಿಯಾಗಿತ್ತು, ಈಗ ಅಡಿಕೆ ತೋಟಗಳ ನಡುವೆ ಅಘೋರೇಶ್ವರ ದೇವಸ್ಥಾನ ಒಂದೇ ಎದ್ದು ಕಾಣುತ್ತೆ. ದೊಡ್ಡ ನಂದಿಯನ್ನು ಎಲ್ಲರೂ ನೋಡುತ್ತಾರೆ. ಒಳಗೆ ಹೋದಾಗ ಸ್ವಲ್ಪ ನೆಲ ನೋಡಿ. ದೇವರಿಗೆ ಅಡ್ಡಬಿದ್ದ ಭಂಗಿಯಲ್ಲಿ ಕೆಳದಿಯ ಮೂವರು ಅರಸರ ಉಬ್ಬುಚಿತ್ರಗಳಿವೆ, ಹೆಸರು ಸಮೇತ. ಅದರಲ್ಲಿ ಒಬ್ಬನ ಕೈಕಾಲಿಗೆ ಬೇಡಿ ಹಾಕಿದೆ.

ಹೊತ್ತು ಉಳಿದರೆ ಸಾಗರದ ಅಂಗಡಿಗಳಲ್ಲಿ ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ತೊಡದೇವು ಮಾಡುವುದನ್ನು ಎಲ್ಲಾದರೂ ಕಂಡರೆ ಕ್ಯಾಮೆರಾ ಆನ್ ಮಾಡ್ತೀನಿ. ಒಲೆ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ, ಕೋಲಿಗೆ ಸುತ್ತಿದ ಬಟ್ಟೆಯಲ್ಲಿ ಹಿಟ್ಟು ಬಳಿದರೆ ಕಾಗದದಷ್ಟು ತೆಳ್ಳಗೆ ಏಳುತ್ತೆ. ಬೆಲ್ಲದ ಸಿಹಿ ಅದರಲ್ಲೇ ಇರುತ್ತೆ, ಮೇಲೆ ತುಪ್ಪ ಬಿದ್ದರೆ ಮುಗಿಯಿತು.

ಇಷ್ಟೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು, "ಆಯ್ತು ಮಾರಾಯ, ನೀನೇ ಬುಕ್ ಮಾಡು, ಆದರೆ ಮಂಜು ಸರಿಯದಿದ್ದರೆ ನಿನ್ನ ಚಾನೆಲ್ಲಿಗೆ ನಾನೇ ಕಾಮೆಂಟ್ ಹಾಕ್ತೀನಿ" ಅಂದಿದ್ದಾಳೆ. ಟಿಕೆಟ್ ಬುಕ್ ಆಗಿದೆ. ಮೂರು ಕನ್ಫರ್ಮ್, ಭಾವನದು ಮಾತ್ರ ಇನ್ನೂ ಆರ್‌ಎಸಿ.