‘ಅರ್ಥ ಆಯ್ತಾ?’ ಎಂದು ಕೇಳಬೇಡಿ

ಕೇಳುಗರಿಗೆ ನಮಸ್ಕಾರ. ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ಈ ಮಾತು ನಿಮಗಾಗಿ.

ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬರುತ್ತಾರೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರೂ ಬರುತ್ತಾರೆ. ಒಬ್ಬರಿಗೆ ರೋಗಿಯ ಕನ್ನಡ ತಿಳಿಯದು, ಇನ್ನೊಬ್ಬರಿಗೆ ಕೇಸ್ ಶೀಟಿನ ಇಂಗ್ಲಿಷ್ ಕಷ್ಟ. ‘ಅರ್ಥ ಆಯ್ತಾ?’ ಎಂದರೆ ಇಬ್ಬರೂ ‘ಆಯ್ತು ಸಿಸ್ಟರ್’ ಎನ್ನುತ್ತಾರೆ. ಆಗಿರುವುದಿಲ್ಲ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ‘ಈಗ ಏನು ಮಾಡ್ತೀಯಮ್ಮಾ, ಹೇಳು’ ಅನ್ನಿ. ಅವರ ಬಾಯಿಂದಲೇ ಹೇಳಿಸಿ.

ಇನ್ಸುಲಿನ್ ಕೊಡುವುದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಬೆಳಗ್ಗೆ ತಿಂಡಿಗೆ ಮುಂಚೆ ‘ಆರನೇ ಬೆಡ್ಡಿಗೆ 10 ಯೂನಿಟ್ ಕೊಡು’ ಎಂದು ಹೇಳಿ ನೀವು ರೌಂಡ್ಸಿಗೆ ಹೊರಟಿರಿ. ಟ್ರೇಯಲ್ಲಿ ಎರಡು ಬಗೆಯ ಸಿರಿಂಜುಗಳಿವೆ. ಕೆಂಪು ಮುಚ್ಚಳದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. 100ರದ್ದನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ 25 ಯೂನಿಟ್! ಗೆರೆ ಸರಿಯಾಗಿಯೇ ಇದೆ, ಡೋಸ್ ತಪ್ಪಿದೆ. ಆ ಹುಡುಗಿ ಗೆರೆ ನೋಡಿಯೇ ಎಳೆದಿದ್ದಾಳೆ, ದಯವಿಟ್ಟು ಅವಳನ್ನು ಬೈಯಬೇಡಿ.

ಹೀಗೆ 25 ಯೂನಿಟ್ ಹೋಯಿತು ಎನ್ನಿ. ಸ್ವಲ್ಪ ಹೊತ್ತಿಗೆ ಆರನೇ ಬೆಡ್ಡಿನ ಅಜ್ಜ ‘ಯಾಕೋ ಜೀವ ಒಂಥರಾ ಆಗ್ತಿದೆ ಕಣವ್ವಾ’ ಅನ್ನುತ್ತಾರೆ. ಹಣೆ ಬೆವರಿದೆ, ಕೈ ನಡುಗುತ್ತಿದೆ. ಸಕ್ಕರೆ ಇಳಿದಾಗ ನಮ್ಮ ಜನ ಹೀಗೇ ಹೇಳುವುದು. ಕನ್ನಡ ಬಾರದ ಹುಡುಗಿಗೆ ಅದು ಬರೀ ಗೊಣಗಾಟ. ಗೊತ್ತಿದ್ದರೆ ಕೂಡಲೇ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ತರುತ್ತಿದ್ದಳು. ಸಕ್ಕರೆ 70ಕ್ಕಿಂತ ಕೆಳಗಿದ್ದು ಅಜ್ಜ ನುಂಗುವ ಸ್ಥಿತಿಯಲ್ಲಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ನಿಮ್ಮನ್ನು ಕೂಗಿ, 15 ನಿಮಿಷಕ್ಕೆ ಮತ್ತೆ ನೋಡುತ್ತಿದ್ದಳು.

ಕೊಡುವ ಮುಂಚೆ ಅರ್ಧ ನಿಮಿಷ ನಿಂತು ಹೇಳಿಸಿದ್ದರೆ? ‘ಬಾಟಲಿ ಮೇಲೆ ಎಷ್ಟು ಬರೆದಿದೆ? ಯಾವ ಮುಚ್ಚಳದ ಸಿರಿಂಜು? ಎಲ್ಲಿವರೆಗೆ ಎಳೀತೀಯಾ?’ ಮೂರೇ ಪ್ರಶ್ನೆ. ‘ಟೈಮಿಲ್ಲ’ ಅನ್ನಬೇಡಿ. ಸಕ್ಕರೆ ಇಳಿದವರನ್ನು ಮೇಲೆತ್ತಲು ಹೋಗುವ ಹೊತ್ತು ನಿಮಗೇ ಗೊತ್ತು.

ನನ್ನ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೋಸ್ಟಿಂಗಿನ ಮೊದಲ ದಿನವೇ ಒಂದು ಹಾಳೆಯಲ್ಲಿ ರೋಗಿಗಳ ಮಾತು ಬರೆದುಕೊಡಿ: ತಲೆಸುತ್ತು, ಎದೆ ಹಿಡ್ಕೊಂಡಿದೆ, ಹೊಟ್ಟೆ ತೊಳಸುತ್ತೆ, ಉಚ್ಚೆ ಕಟ್ಟಿದೆ, ಕೈ ಜೋಮು ಹಿಡಿದಿದೆ. ಎದುರಿಗೆ ಅವರವರ ಭಾಷೆಯಲ್ಲಿ ಅರ್ಥವನ್ನು ಅವರೇ ಬರೆದುಕೊಳ್ಳಲಿ. ಕನ್ನಡ ಶಾಲೆಯ ಮಕ್ಕಳಿಗೆ ಕೇಸ್ ಶೀಟಿನ ಸಂಕ್ಷೇಪಗಳದ್ದು ಇನ್ನೊಂದು ಹಾಳೆ. ತಪ್ಪಿದರೆ ರೋಗಿಯ ಮುಂದೆ ತಿದ್ದಬೇಡಿ, ಡ್ಯೂಟಿ ರೂಮಿಗೆ ಕರೆದು ಹೇಳಿ. ಹೇಳಿದ ಮೇಲೆ ಅದನ್ನೂ ಅವರ ಬಾಯಿಂದ ಒಮ್ಮೆ ಹೇಳಿಸಿ. ನಮಸ್ಕಾರ.