ರಿಪೋರ್ಟ್ ನಾರ್ಮಲ್ ಬಂದರೂ ಮಾತ್ರೆ ಬಿಡಬೇಡಿ

ಕೇಳುಗರಿಗೆ ನಮಸ್ಕಾರ. ಇವತ್ತು ಲಕ್ವದ ಬಗ್ಗೆ, ಅಂದರೆ ಸ್ಟ್ರೋಕ್ ಬಗ್ಗೆ ಮಾತಾಡಲು ಕರೆದಿದ್ದಾರೆ. ಹೇಳಲು ಬೇಕಾದಷ್ಟಿದೆ. ಆದರೆ ನನಗೆ ಮುಖ್ಯವಾದದ್ದು ಒಂದೇ. ಡಾಕ್ಟರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮಲ್ಪೆಯ ಒಬ್ಬರು ತಂಡೇಲರ, ಅಂದರೆ ಮೀನಿನ ಬೋಟು ನಡೆಸುವವರ, ವಿಷಯ ಹೇಳುತ್ತೇನೆ. ವಯಸ್ಸು ಅರುವತ್ತರ ಹತ್ತಿರ. ಒಮ್ಮೆ ಅವರಿಗೆ ಅರ್ಧ ಗಂಟೆ ಮಾತು ತೊದಲಿ ತಾನಾಗಿಯೇ ಸರಿಯಾಗಿತ್ತು. ಅದು ಲಕ್ವದ ಮುನ್ಸೂಚನೆ. ರಕ್ತ ತೆಳುವಾಗುವ ಮಾತ್ರೆಯ ಜೊತೆಗೆ ರಾತ್ರಿಗೆ ಅಟೋರ್ವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟೆ. ಆರು ತಿಂಗಳಲ್ಲಿ ಕೆಟ್ಟ ಕೊಲೆಸ್ಟ್ರಾಲ್ 68ಕ್ಕೆ ಇಳಿಯಿತು. ಲ್ಯಾಬಿನ ಕಾಗದದಲ್ಲಿ ನಾರ್ಮಲ್ ಅಂತ ಇತ್ತು. ಅವರು ಯಾರನ್ನೂ ಕೇಳದೆ ಮಾತ್ರೆ ಬಿಟ್ಟರು.

ಜೂನ್, ಜುಲೈ ಅಂದರೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ? ಶೆಡ್ಡಿನಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದರಂತೆ. ಬಲೆಯ ಸೂಜಿ ಬಲಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಮೂರು ಸಲ ನೋಡಿದರು, ಬೆರಳು ಹಿಡಿಯಲಿಲ್ಲ. ಕೈ ಜೋಮು ಹಿಡಿದಿದೆ ಅಂದುಕೊಂಡರು. ಮನೆಯವರು ತೈಲ ಉಜ್ಜಿದರು. ಊಟ ಮಾಡಿ ಮಲಗಿದರು. ಸಂಜೆ ಏಳುವಾಗ ಬಾಯಿ ಒಂದು ಕಡೆ ವಾಲಿತ್ತು.

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದಕ್ಕೆ ತೊಂದರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಬರಬೇಕು. ಅವರು ಬರುವಾಗ ರಾತ್ರಿ ಎಂಟು. ಅವರ ಹೆಂಡತಿ ಪ್ಲಾಸ್ಟಿಕ್ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಎರಡು ಗುಳಿಗೆ ಖಾಲಿ, ಎಂಟು ಹಾಗೇ ಇದ್ದವು. "ರಿಪೋರ್ಟ್ ಸರಿ ಇತ್ತಲ್ಲ ಡಾಕ್ಟ್ರೇ" ಅಂದರು. ನನಗೆ ಉತ್ತರ ಹೊರಡಲಿಲ್ಲ.

ರಿಪೋರ್ಟ್ ಸರಿ ಬಂದದ್ದೇ ಮಾತ್ರೆಯಿಂದ! ಮಳೆಗಾಲದಲ್ಲಿ ಮನೆಯೊಳಗೆ ಸೋರುತ್ತಿಲ್ಲ ಅಂದರೆ ಅದು ಹಂಚಿನ ಕೆಲಸ. ನೆಲ ಒಣಗಿದೆ ಅಂತ ಯಾರಾದರೂ ಹಂಚು ಇಳಿಸುತ್ತಾರಾ?

ಕೊಲೆಸ್ಟ್ರಾಲ್ ಬರುವುದು ಊಟದಿಂದ ಮಾತ್ರ ಅಲ್ಲ, ಜಾಸ್ತಿ ಭಾಗ ನಮ್ಮ ದೇಹವೇ ಮಾಡುತ್ತದೆ. ಅದರಲ್ಲಿ ಲಿವರ್‌ನದು ದೊಡ್ಡ ಪಾಲು. ಈ ಮಾತ್ರೆ ಅಲ್ಲಿಯೇ ತಡೆ ಹಾಕುತ್ತದೆ. ಆಗ ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಕೂತ ಜಿಡ್ಡು ಸುಲಭಕ್ಕೆ ಒಡೆಯದ ಹಾಗೆ ಗಟ್ಟಿಯಾಗುತ್ತದೆ. ಅದು ಒಡೆದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇಂಥ ಔಷಧವನ್ನು ಮೊದಲು ಕಂಡವರು ಜಪಾನಿನ ಅಕಿರಾ ಎಂಡೊ. 1970ರ ದಶಕದಲ್ಲಿ, ಅಕ್ಕಿಯ ಮೇಲಿನ ಬೂಷ್ಟಿನಲ್ಲಿ! ನನಗೆ ಈಗಲೂ ಆಶ್ಚರ್ಯ.

2006ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಲಕ್ವ ಅಥವಾ ಅದರ ಮುನ್ಸೂಚನೆ ಆಗಿಹೋದ 4,731 ಜನರಿದ್ದರು. ಸುಮಾರು ಐದು ವರ್ಷದಲ್ಲಿ ಮಾತ್ರೆ ಇಲ್ಲದವರಲ್ಲಿ ನೂರಕ್ಕೆ 13 ಮಂದಿಗೆ ಲಕ್ವ ಹೊಡೆಯಿತು. ತೆಗೆದುಕೊಂಡವರಲ್ಲಿ 11 ಮಂದಿಗೆ. ಎರಡೇ ಅಲ್ವಾ ಅನ್ನಬೇಡಿ. ವಾರ್ಡಿನಲ್ಲಿ ನಿಂತು ನೋಡುವ ನನಗೆ ಅದು ಎರಡು ಮನೆ.

ಸಮಯ ಆಗುತ್ತಾ ಬಂತು. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಬದಲಾಯಿಸಬಹುದು. ಬೀಡಿ, ಸಿಗರೇಟು ಬಿಡಿ. ಬಿಪಿ ನೋಡಿಸಿಕೊಳ್ಳಿ. ಮುಖ ವಾಲಿದರೆ, ಕೈ ಬಿದ್ದರೆ, ಮಾತು ತೊದಲಿದರೆ ತೈಲ ಉಜ್ಜುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಮಾತ್ರೆ ಇರುವವರು ಇವತ್ತು ರಾತ್ರಿಯದನ್ನು ತಪ್ಪಿಸಬೇಡಿ. ನಮಸ್ಕಾರ.